ಎಡಗಡೆಯ ಕೊಂಬೆಗಳು

ಟಿಲ್ಡಾ ಬ್ಯಾಪ್ಟಿಸ್ಟ್‌ಳನ್ನು ನಾನು ಒಂದು ಕಾರ್ನಿವಲ್ ಮಂಗಳವಾರದ ಬೆಳಿಗ್ಗೆ ಎಪ್ಪತ್ತು ಜನರ ಎದುರಿಗೆ ಹೊಟ್ಟೆಕಿಚ್ಚಿನವಳು ಎಂದು ಕರೆದೆ. ಇನ್ನೂ ಏನೇನೋ ಕರೆದೆ; ಅವನ್ನೆಲ್ಲ ಬರೆಯುವಂತಿಲ್ಲ. ನನ್ನ ಬಾಯಿ ಎಂಥದ್ದು ಎಂದು ಬೆಲ್ಮಾಂಟಿನ ಓಣಿಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವಳ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಎಷ್ಟೋ ಜನ ಇದ್ದಾರೆ, ಆದರೆ ಅವರು ಕೂತು ಬರೆಯುವವರಲ್ಲ. ಆದ್ದರಿಂದ ಬೈದವಳೇ ಬರೆಯುತ್ತಿದ್ದೇನೆ.

ಟಿಲ್ಡಾ ದಾದಿಯರ ಹಾಸ್ಟೆಲ್ಲಿನಲ್ಲಿ ಅಡುಗೆಯವಳು. ವಾರಕ್ಕೆ ಆರು ದಿನ ನಲವತ್ತು ಹುಡುಗಿಯರಿಗೆ ಅನ್ನ, ತೊಗರಿಕಾಳಿನ ಸಾರು, ಉಪ್ಪುಮೀನು ಮಾಡಿ ಬಡಿಸುತ್ತಾಳೆ. ಮದುವೆಯಾಗಲಿಲ್ಲ. ಅವಳ ಅಪ್ಪ ಹಾಡುವ ಹಕ್ಕಿಗಳಿಗೆ ಪಂಜರ ಕಟ್ಟುತ್ತಿದ್ದರು. ತಂತಿ ಬಗ್ಗಿಸುವುದನ್ನು ಅವಳು ಕಲಿತದ್ದು ಅವರ ಪಕ್ಕದಲ್ಲಿ ಕೂತು. ಕಾರ್ನಿವಲ್ ನಮ್ಮಲ್ಲಿ ಎರಡು ದಿನದ ಬೀದಿಹಬ್ಬ, ಮೇಳ ಮೇಳಗಳ ವೇಷಕುಣಿತದ ಪೈಪೋಟಿ; ಆ ವೇಷಕ್ಕೆ ತಂತಿ ಬಗ್ಗಿಸುವುದು ಗಂಡಸರ ಕೆಲಸ. ಹೆಂಗಸರು ಹೊಲಿಯಬೇಕು, ಅಂಟಿಸಬೇಕು, ಗರಿ ಸಿಕ್ಕಿಸಬೇಕು, ಜೊತೆಗೆ ಎಲ್ಲರ ಹೊಟ್ಟೆಗೂ ಬೇಯಿಸಬೇಕು. ಟಿಲ್ಡಾ ಇಕ್ಕಳ ಹಿಡಿದು ಮೇಳದ ಅಂಗಳಕ್ಕೆ ಕಾಲಿಟ್ಟ ಮೊದಲ ವರ್ಷ ನಕ್ಕವರೇ ಎರಡನೆಯ ವರ್ಷ ಅವಳ ಹಿಂದೆ ನಿಂತು ನೋಡುತ್ತಿದ್ದರು. ಕಾಗದದ ಮೇಲೆ ಒಂದು ಗೆರೆಯನ್ನೂ ಎಳೆಯುವವಳಲ್ಲ. ವೇಷ ಹೊರುವವನ ಭುಜಗಳ ಮೇಲೆ ಎರಡೂ ಅಂಗೈ ಇಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾಳೆ. ಅವಳ ಅಳತೆ ಅಷ್ಟೇ.

ಆ ಭುಜಗಳು ಹನ್ನೆರಡು ವರ್ಷದಿಂದ ಒಬ್ಬನವೇ: ಅವಳ ತಮ್ಮ ಎಲ್ರಿಕ್. ಬಂದರಿನಲ್ಲಿ ಹಡಗಿನಿಂದ ಸರಕು ಇಳಿಸುವವನು, ಎತ್ತಿನಂಥ ಆಳು. ನಮ್ಮ ಮೇಳದ ರಾಜವೇಷ ಅವನದು. ರಾಜವೇಷ ಎಂದರೆ ಮೇಳದ ಎಲ್ಲಕ್ಕಿಂತ ದೊಡ್ಡ ವೇಷ. ಹದಿನಾಲ್ಕು ಅಡಿ ಅಗಲದ್ದನ್ನು ಒಬ್ಬನೇ ಮನುಷ್ಯ ಬೆನ್ನಿಗೆ ಬಿಗಿದುಕೊಂಡು ಸವಾನಾ ಮೈದಾನದ ವೇದಿಕೆಯನ್ನು ಈ ತುದಿಯಿಂದ ಆ ತುದಿಯವರೆಗೆ ಕುಣಿಯುತ್ತ ದಾಟಬೇಕು. ನಡುವೆ ಇನ್ನೊಬ್ಬರ ಕೈ ಸೋಕಿದರೆ ಅಂಕವೂ ಹೋಯಿತು, ಮೇಳದ ಮರ್ಯಾದೆಯೂ ಹೋಯಿತು. ಎಲ್ರಿಕ್‌ನಿಗೆ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಯಾರ ಕೈಯೂ ಬೇಕಾಗಿರಲಿಲ್ಲ. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಅವನು ಬಂದರಿನ ಕೂಲಿ. ಆ ಒಂದು ದಿನ ಬೆಲ್ಮಾಂಟಿನ ಮುದುಕಿಯರು ಕೂಡ ಅವನಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದರು.

ಹಿಂದಿನ ಆಗಸ್ಟ್‌ನಲ್ಲಿ ಹಡಗಿನ ಕಟ್ಟೆಯ ಮೇಲೆ ಹಗ್ಗ ಜಾರಿ ಒಂದು ಪೆಟ್ಟಿಗೆ ಅವನ ಎಡಭುಜಕ್ಕೆ ಬಡಿಯಿತು. ಮೂಳೆ ಕೂಡಿಕೊಂಡಿತು, ನರ ಕೂಡಲಿಲ್ಲ. ಎಡಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲೊಲ್ಲದು. ಇನ್ನೊಂದು ಏಟು ಬಿದ್ದರೆ ಬೆರಳು ಕೂಡ ಅಲ್ಲಾಡುವುದಿಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು. ಬಂದರಿನವರು ಅವನನ್ನು ಸರಕು ಎಣಿಸಿ ಬರೆದುಕೊಳ್ಳುವ ಕೆಲಸಕ್ಕೆ ಹಾಕಿದರು. ಅವನು ನಮಗೆಲ್ಲ ಹೇಳಿದ್ದೇ ಬೇರೆ: "ಬಡ್ತಿ ಸಿಕ್ತು ಕಣ್ರೋ!" ನಾವು ಅದನ್ನು ನಂಬಿ ಅವನಿಂದಲೇ ರಮ್ ಕುಡಿಸಿಕೊಂಡೆವು. ಈ ಭುಜದ ವಿಷಯ ನನಗೆ ತಿಳಿದದ್ದು ಬೈದು ಮುಗಿಸಿದ ಮೇಲೆ. ಆದರೆ ನಿಮಗೆ ಮೊದಲೇ ಹೇಳಿಬಿಡುತ್ತೇನೆ. ತಿಳಿಯದೆ ಬಾಯಿ ಬಿಟ್ಟವಳ ಗತಿ ಏನಾಯಿತು ಎಂದು ನೀವು ತಿಳಿದುಕೊಂಡೇ ಓದಿ.

ಅಕ್ಟೋಬರಿನಲ್ಲಿ ಅಳತೆಗೆಂದು ಟಿಲ್ಡಾ ತಮ್ಮನ ಭುಜಗಳ ಮೇಲೆ ಕೈ ಇಟ್ಟಳು. ಬಲಗಡೆ ಎಂದಿನ ಭುಜ. ಎಡಗಡೆ ಅಂಗೈಯಡಿ ಮಾಂಸವೇ ಇಲ್ಲ, ಬರೀ ಎಲುಬು.

"ಇದೇನೋ ಇದು?" ಎಂದಳು.

"ಏನಿಲ್ಲ. ಅಳತೆ ತಗೊ."

"ಕೈ ಎತ್ತು ನೋಡೋಣ."

"ಅಕ್ಕಾ, ಅಳತೆ ತಗೊ ಅಂದ್ನಲ್ಲ."

"ಎತ್ತೋ!"

ಅವನು ಎತ್ತಲಿಲ್ಲ. ಎತ್ತಲು ಆಗದೆಂದು ಬಾಯಿಬಿಟ್ಟು ಹೇಳಲೂ ಇಲ್ಲ. ಬಾಗಿಲು ಹಾಕಿ ಬಂದು ಅವಳ ಎರಡೂ ಕೈಗಳನ್ನು ತನ್ನ ಒಂದೇ ಕೈಯಲ್ಲಿ ಹಿಡಿದುಕೊಂಡ. "ಮೇಳದ ಮೇಷ್ಟ್ರಿಗೆ ಗೊತ್ತಾದ್ರೆ ನಾಳೇನೇ ರಾಜವೇಷ ಆ ಜಿಮ್ಮಿಗೆ ಹೋಗೋ ಹುಡುಗನಿಗೆ ಕೊಡ್ತಾರೆ. ಇದೊಂದು ಸಲ ಅಕ್ಕ. ಅಮ್ಮನ ಮೇಲಾಣೆ, ಯಾರಿಗೂ ಹೇಳಬಾರದು. ಮೇಷ್ಟ್ರಿಗಿಲ್ಲ, ಪಾದ್ರಿಗಿಲ್ಲ, ಆ ಆಗ್ನೆಸ್‌ಗಂತೂ ಇಲ್ವೇ ಇಲ್ಲ."

ಆಗ್ನೆಸ್ ಎಂದರೆ ನಾನೇ. ಟಿಲ್ಡಾ ಆಣೆ ಇಟ್ಟಳು. ತಾಯಿಯ ಹೆಸರಿನಲ್ಲಿ ಇಟ್ಟ ಆಣೆಯನ್ನು ಮುರಿಯುವ ಜಾತಿಯವಳಲ್ಲ ಅವಳು.

ಆ ವರ್ಷ ನಮ್ಮ ಮೇಳದ ಕಥೆ ಕಾಡು. ಎಪ್ಪತ್ತು ಜನ ಹಕ್ಕಿ, ಎಲೆ, ಚಿಟ್ಟೆಗಳಾದರೆ ರಾಜವೇಷ ಬೂರುಗದ ಮರ. ಮೇಳದ ಯಜಮಾನರು ಬೊನಿಫೇಸ್ ಮೇಷ್ಟ್ರು, ಗಂಡುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಬೆತ್ತ ಹಿಡಿದವರು. ನಿವೃತ್ತರಾದ ಮೇಲೆ ಆ ಬೆತ್ತ ನಮ್ಮ ಮೇಲೆ ತಿರುಗಿತ್ತು. ಅವರ ಮನೆಯ ಹಿಂದಿನ ಅಂಗಳದಲ್ಲಿ ತಗಡಿನ ಚಪ್ಪರ, ಚಪ್ಪರದ ಪಕ್ಕ ಒಂದು ಮಾವಿನ ಮರ. ಕ್ರಿಸ್ಮಸ್ ಕಳೆದದ್ದೇ ತಡ, ಕೆಲಸ ಬಿಟ್ಟು ಬಂದವರು, ಶಾಲೆ ಬಿಟ್ಟು ಬಂದವರು, ಗಂಡನ ಜೊತೆ ಜಗಳವಾಡಿ ಬಂದವರು ಎಲ್ಲರೂ ಅಲ್ಲೇ. ಒಬ್ಬರು ಕತ್ತರಿಸಿದ್ದನ್ನು ಇನ್ನೊಬ್ಬರು ಅಂಟಿಸುವುದು, ಅಂಟಿಸಿದ್ದನ್ನು ಮೇಷ್ಟ್ರು ಕೀಳಿಸುವುದು. ಎಲೆ ಹೊಲಿಯುವ ಹೆಂಗಸರ ಗುಂಪಿಗೆ ನಾನು ಮುಖ್ಯಸ್ಥೆ.

ಟಿಲ್ಡಾ ಹಾಸ್ಟೆಲ್ಲಿನ ಪಾತ್ರೆ ತೊಳೆದು ನಾಲ್ಕು ಗಂಟೆಗೆ ಬರುವಳು. ಬಂದವಳು ಯಾರ ಜೊತೆಗೂ ಮಾತಿಲ್ಲ. ಮರದ ಬಲಗಡೆಯ ಕೊಂಬೆಗಳನ್ನು ಎಂದಿನಂತೆ ಗಟ್ಟಿ ತಂತಿಯಲ್ಲಿ ಬಗ್ಗಿಸಿದಳು. ಎಡಗಡೆಯವನ್ನು ಕಡ್ಡಿಯಷ್ಟು ತೆಳ್ಳಗೆ ಸೀಳಿದ ಬೆತ್ತದಲ್ಲಿ ಕಟ್ಟಿ, ಮೇಲೆ ಬಟ್ಟೆ ಸುತ್ತಿ, ಅದೇ ಬಣ್ಣ ಬಳಿದಳು. ನೋಡಲು ಎರಡೂ ಒಂದೇ, ತೂಕದಲ್ಲಿ ಎಡಗಡೆ ಬಲಗಡೆಯ ಅರ್ಧ; ಎರಡೂ ಸರಿತೂಗಲೆಂದು ಬಲಗಡೆಯ ಭಾರವನ್ನೆಲ್ಲ ಬೆನ್ನಿನ ಹತ್ತಿರಕ್ಕೆ ತಂದಳು. ಬೆನ್ನಿನ ಚೌಕಟ್ಟಿನ ಭಾರ ಭುಜದ ಮೇಲೆ ಕೂರದೆ ಸೊಂಟಕ್ಕೆ ಇಳಿಯುವಂತೆ ಮಾಡಲು ಮೂರು ಸಲ ಕಟ್ಟಿ ಮೂರು ಸಲ ಬಿಚ್ಚಿದಳು. ಎಡಗೈ ಇಲ್ಲದವನು ಹೊರಬಲ್ಲ ಮರವನ್ನು, ಎಡಗೈ ಇಲ್ಲವೆಂದು ಯಾರಿಗೂ ಗೊತ್ತಾಗದಂತೆ, ಎಲ್ಲರ ಕಣ್ಣೆದುರಿಗೇ ಕಟ್ಟುತ್ತಿದ್ದಳು. ನಮಗೆ ಕಂಡದ್ದು ಅವಳ ಗಂಟುಮುಖ ಮಾತ್ರ.

"ಇನ್ನೊಂದು ಸಾಲು ಗಾಜು ಹಾಕೋಣ ಟಿಲ್ಡಾ, ಬಿಸಿಲಿಗೆ ಮಿಂಚುತ್ತೆ," ಎಂದರು ಮೇಷ್ಟ್ರು.

"ಬೇಡ ಸಾರ್."

"ಎಡಗಡೆ ಒಂದು ಗೂಡು, ಗೂಡಲ್ಲಿ ಎರಡು ಹಕ್ಕಿ?"

"ಬೇಡ."

"ಲೇ, ಇದು ಮರ ಕಣೇ, ಬೋಳು ಕಂಬ ಅಲ್ಲ," ಎಂದೆ ನಾನು. "ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ?"

ಎಲೆ ಹೊಲಿಯುವವರೆಲ್ಲ ಕಿಸಕ್ಕನೆ ನಕ್ಕರು. ಟಿಲ್ಡಾ ತಲೆ ಎತ್ತಲಿಲ್ಲ. ಕೆಲಸ ಮುಗಿದ ದಿನ ಮಾವಿನ ಕೊಂಬೆಗೆ ಹಗ್ಗ ಹಾಕಿ ವೇಷವನ್ನು ತೂಗುಬಿಟ್ಟಳು. ಅದು ಅತ್ತ ವಾಲದೆ ಇತ್ತ ವಾಲದೆ ನೆಟ್ಟಗೆ ನಿಂತಿತು. ಮೀನು ಮಾರುವವನ ತಕ್ಕಡಿ ತರಿಸಿ ತೂಗಿದಳು: ಐವತ್ತೆಂಟು ಪೌಂಡು. ಆಗ ಮೊದಲ ಸಲ ಅವಳು ನಕ್ಕದ್ದನ್ನು ಕಂಡೆ.

ಈಗ ನಮ್ಮ ಅಂಗಳದ ಒಂದು ಪದ್ಧತಿಯನ್ನು ಹೇಳಬೇಕು. ಕಾರ್ನಿವಲ್ ಸೋಮವಾರ ವೇಷ ಹಾಕುವುದಿಲ್ಲ, ಹಳೆ ಬಟ್ಟೆಯಲ್ಲಿ ಕುಣಿದು ಬರುತ್ತೇವೆ. ಸಂಜೆ ಎಲ್ಲರೂ ರಾಜವೇಷಕ್ಕೆ ಒಂದೊಂದು ಮುಡಿಪು ಕಟ್ಟುತ್ತೇವೆ. ಸತ್ತವರ ಹೆಸರಿನಲ್ಲಿ, ಇಲ್ಲವೇ ದೂರ ದೇಶಕ್ಕೆ ಹೋದವರ ಹೆಸರಿನಲ್ಲಿ, ಅವರ ಕೈ ಮುಟ್ಟಿದ ಏನಾದರೊಂದು ವಸ್ತು. ಮಂಗಳವಾರ ರಾಜ ವೇದಿಕೆ ದಾಟಿದಾಗ ಅವರೂ ದಾಟಿದ ಹಾಗೆ. ವೇಷ ಹೊರುವವನು ಅದನ್ನು ನೋಡಬಾರದು. ಹಾಗಾಗಿ ಎಲ್ರಿಕ್ ಮನೆಯಲ್ಲೇ ಇದ್ದ. ಟಿಲ್ಡಾ ಬೇ ರಮ್ ಎಂಬ ನೋವಿನ ಔಷಧ ಬಿಸಿ ಮಾಡಿ ಅವನ ಭುಜ ತಿಕ್ಕುತ್ತ ಅಲ್ಲೇ ಇದ್ದಳು. ಹೋಗುವ ಮುಂಚೆ ನಮಗೆ ಹೇಳಿಯೇ ಹೋಗಿದ್ದಳು: "ಈ ಸಲ ಬರೀ ದಾರ ಕಟ್ಟಿ. ಒಂದೊಂದು ಎಳೆ. ಭಾರದ್ದೇನೂ ಬೇಡ." ನಾವು ಹೂಂ ಎಂದೆವು. ಪ್ರತಿ ವರ್ಷವೂ ಏನಾದರೊಂದು ಹೇಳುವವಳು, ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

ಆ ವರ್ಷ ಸಾವು ಜಾಸ್ತಿಯಾಗಿತ್ತು. ನನ್ನ ಅಮ್ಮ ನವೆಂಬರಿನಲ್ಲಿ ಹೋಗಿದ್ದಳು. ಶಾಲೆಯ ಗೇಟಿನ ಮುಂದೆ ನಲವತ್ತು ವರ್ಷ ಬಣ್ಣದ ಐಸ್ ಮಾರಿದವಳು. ಅವಳ ಗಾಡಿಯ ಹಿತ್ತಾಳೆ ಗಂಟೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ತಂದಿದ್ದೆ. ಯಾರೋ ಗಂಡನ ಕೀಲಿಗೊಂಚಲು ತಂದರು, ಯಾರೋ ಅಣ್ಣನ ಸೈನ್ಯದ ಪದಕ, ಇನ್ನೊಬ್ಬರು ಅಜ್ಜಿಯ ಜಾಯಿಕಾಯಿ ತುರಿಯುವ ಕಬ್ಬಿಣದ ತುರಿಮಣೆ. ಪ್ರೀತಿ ಇದ್ದಷ್ಟೂ ಭಾರದ ವಸ್ತು ಎಂಬಂತೆ ನಮಗೆ ನಾವೇ ಪೈಪೋಟಿ. ಮರ ಚಪ್ಪರದ ಮೂಲೆಯಲ್ಲಿ ನಿಂತಿತ್ತು. ಬೆತ್ತದ ಕೊಂಬೆ ಗೋಡೆಗೆ ತಾಗಿ ಮುರಿದೀತೆಂದು ಟಿಲ್ಡಾ ಗಟ್ಟಿಯಾದ ಬಲಗಡೆಯನ್ನು ಗೋಡೆಗೆ ಒರಗಿಸಿ ಎಡಗಡೆಯನ್ನು ಅಂಗಳದತ್ತ ಇಟ್ಟಿದ್ದಳು. ಬಲಗಡೆಗೆ ಕೈ ತೂರಿಸಲು ಜಾಗವೇ ಇಲ್ಲ. ಎಪ್ಪತ್ತು ಜನರೂ ಎಡಗಡೆಗೇ ಕಟ್ಟಿದೆವು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ನಾನು ಹಸಿರು ಸ್ಕರ್ಟ್ ಉಟ್ಟು, ಕೆನ್ನೆಗೆ ಮಿನುಗು ಹಚ್ಚಿ ಅಂಗಳಕ್ಕೆ ಬಂದೆ. ಮರ ಮಾವಿನ ಕೊಂಬೆಗೆ ತೂಗುತ್ತಿತ್ತು, ಎಡಕ್ಕೆ ಪೂರ್ತಿ ವಾಲಿ. ಅದರ ಕೆಳಗೆ ಟಿಲ್ಡಾ ಏಣಿ ಹಾಕಿ ನಿಂತಿದ್ದಳು, ಕೈಯಲ್ಲಿ ಇಕ್ಕಳ. ಕಟ್ ಎಂದಿತು. ಒಂದು ಕೀಲಿಗೊಂಚಲು ನೆಲಕ್ಕೆ ಬಿತ್ತು. ಕಟ್. ಪದಕ ಬಿತ್ತು. ಕೆಳಗೆ ಹಾಸಿದ್ದ ಗೋಣಿಯ ಮೇಲೆ ಆಗಲೇ ಮೂವತ್ತರಷ್ಟು ಮುಡಿಪು ಬಿದ್ದಿದ್ದವು. ಅವುಗಳ ನಡುವೆ ನನ್ನ ಅಮ್ಮನ ಗಂಟೆ.

ನನ್ನ ಮೈಗೆ ಬೆಂಕಿ ಬಿದ್ದಂತಾಯಿತು.

"ಟಿಲ್ಡಾ! ಏನ್ ಮಾಡ್ತಿದೀಯೇ? ನನ್ನಮ್ಮನ ಗಂಟೆ ಕಣೇ ಅದು!"

"ಗೊತ್ತು. ಎತ್ತಿಟ್ಕೊ."

"ಎತ್ತಿಟ್ಕೊಳ್ಳೋಕಾ? ನಿನ್ನೆ ಅವಳ ಹೆಸರು ಹೇಳಿ ಕಟ್ಟಿದೀನಿ! ಕಟ್ಟು ವಾಪಸ್!"

"ಆಗಲ್ಲ. ವಾಲ್ತಾ ಇದೆ, ಕಾಣ್ತಿಲ್ವಾ?"

"ವಾಲಿದ್ರೆ ಏನೀಗ? ನಿನ್ನ ತಮ್ಮ ಎಡಗೈಲಿ ಎತ್ತಿ ಹಿಡೀತಾನೆ. ಹಡಗು ಎತ್ತೋನಿಗೆ ಒಂದು ಗಂಟೆ ಭಾರಾನಾ?"

ಅವಳ ಮುಖ ಬಿಳುಚಿಕೊಂಡಿತು. ಮತ್ತೊಂದು ಕಟ್. ಅಷ್ಟರಲ್ಲಿ ಅಂಗಳ ತುಂಬಿತ್ತು. ಹಕ್ಕಿಗಳೂ ಚಿಟ್ಟೆಗಳೂ ತಮ್ಮ ತಮ್ಮ ಸತ್ತವರನ್ನು ಗೋಣಿಯ ಮೇಲೆ ಹುಡುಕತೊಡಗಿದರು. ಒಬ್ಬಳು ಅಳತೊಡಗಿದಳು. ಇನ್ನೊಬ್ಬಳು, "ಅವಳಿಗೇನ್ ಹುಚ್ಚಾ?" ಎಂದಳು. ನಾನು ಎಲ್ಲರಿಗಿಂತ ಮುಂದೆ ಹೋಗಿ ಏಣಿ ಹಿಡಿದು ಅಲ್ಲಾಡಿಸಿದೆ.

"ಹುಚ್ಚಲ್ಲ ಕಣ್ರೇ, ಹೊಟ್ಟೆಕಿಚ್ಚು! ಹೆಸರು ಹೇಳಿ ಕಟ್ಟೋಕೆ ಇವಳಿಗೆ ಗಂಡ ಇಲ್ಲ, ಮಕ್ಕಳಿಲ್ಲ. ಕಟ್ಟೋರನ್ನ ಕಂಡ್ರೆ ಉರಿ. ಹೊಟ್ಟೆಕಿಚ್ಚಿನ ಮುಂಡೇದು!"

ಥೂ, ನನ್ನ ಬಾಯಿಗಿಷ್ಟು. ಎಪ್ಪತ್ತು ಜನರೂ ಕೇಳಿಸಿಕೊಂಡರು. ಯಾರೂ ನನ್ನನ್ನು ತಡೆಯಲಿಲ್ಲ. ಟಿಲ್ಡಾ ಏಣಿಯ ಮೇಲಿಂದ ನನ್ನ ಮುಖ ನೋಡಿದಳು, ಅಷ್ಟೇ.

ಬೊನಿಫೇಸ್ ಮೇಷ್ಟ್ರು ಕಾಫಿ ಲೋಟ ಹಿಡಿದು ಬಂದರು. "ಇಳಿ ಕೆಳಗೆ," ಎಂದರು. "ಇಕ್ಕಳ ಇಲ್ಲಿ ಕೊಡು."

"ಸಾರ್, ಇನ್ನರ್ಧ ಇದೆ. ಇನ್ನರ್ಧ ತೆಗೀಲೇಬೇಕು. ನನ್ನ ಮಾತು ಕೇಳಿ."

"ಯಾಕೆ, ಹೇಳು. ಒಂದು ಕಾರಣ ಹೇಳು, ನಾನೇ ತೆಗೀತೀನಿ."

ಗೇಟಿನ ಬಳಿ ಎಲ್ರಿಕ್ ನಿಂತಿದ್ದ, ಮೈಗೆಲ್ಲ ಕಂದು ಬಣ್ಣ ಬಳಿದುಕೊಂಡು. ಯಾವಾಗ ಬಂದನೋ ಗೊತ್ತಿಲ್ಲ, ಆದರೆ ನನ್ನ ಮಾತು ಕೇಳುವಷ್ಟು ಮುಂಚೆಯೇ ಬಂದಿದ್ದ. ಟಿಲ್ಡಾ ಅವನನ್ನು ನೋಡಿದಳು. ಅವನು ನೆಲ ನೋಡಿದ.

"ಕಾರಣ ಇಲ್ಲ ಸಾರ್," ಎಂದಳು ಟಿಲ್ಡಾ. ಇಕ್ಕಳವನ್ನು ಮೇಷ್ಟ್ರ ಕೈಗೆ ಕೊಟ್ಟಳು.

ಮಿಕ್ಕ ಮುಡಿಪುಗಳು ಹಾಗೆಯೇ ಉಳಿದವು. ಕತ್ತರಿಸಿದ್ದನ್ನು ಮತ್ತೆ ಕಟ್ಟಲು ಹೊತ್ತಿರಲಿಲ್ಲ. ನಾಲ್ಕು ಜನ ಹಿಡಿದು ಮರವನ್ನು ಕೈಗಾಡಿಗೆ ಏರಿಸಿದರು. ಮೇಳ ಹೊರಟಿತು. ಟಿಲ್ಡಾ ಗಾಡಿಯ ಹಿಂದೆ ಒಬ್ಬಳೇ ನಡೆದಳು. ಅವಳ ಅಕ್ಕಪಕ್ಕ ಹತ್ತು ಹತ್ತು ಹೆಜ್ಜೆ ಜಾಗ ಬಿಟ್ಟು ನಾವು ಕುಣಿದೆವು.

ಸವಾನಾದಲ್ಲಿ ನಮ್ಮ ಮುಂದೆ ಆರು ಮೇಳಗಳಿದ್ದವು. ಧೂಳು, ಬಿಸಿಲು, ಲಾರಿಗಳ ಮೇಲಿನ ಸಂಗೀತ, ಒಂದೊಂದು ಗಂಟೆಗೆ ಐವತ್ತು ಹೆಜ್ಜೆ ಮುಂದಕ್ಕೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು. ಫೆಬ್ರವರಿಯ ಗಾಳಿ ಬೆಟ್ಟದ ಕಡೆಯಿಂದ ಬೀಸಿ ನೇರ ವೇದಿಕೆಯ ಮೇಲೆ ಬೀಳುತ್ತದೆ. ನಮಗಿಂತ ಎರಡು ಮೇಳ ಮುಂದಿದ್ದ ರಾಜ, ದೊಡ್ಡದೊಂದು ಸೂರ್ಯ, ವೇದಿಕೆಯ ನಡುವೆ ಮಗುಚಿಕೊಂಡ. ಚೌಕಟ್ಟು ಬೆನ್ನಿಗೆ ಬಿಗಿದಿರುತ್ತದೆ ನೋಡಿ, ಬಿದ್ದವನು ಕೈ ಊರುವುದಕ್ಕೂ ಆಗುವುದಿಲ್ಲ. ಆಂಬುಲೆನ್ಸ್ ಬಂದು ಹೋಗುವವರೆಗೆ ಸಂಗೀತ ನಿಂತಿತು.

ವೇದಿಕೆಯ ಇಳಿಜಾರಿನ ಕೆಳಗೆ ಎಲ್ರಿಕ್‌ನಿಗೆ ಮರವನ್ನು ಹೊರಿಸಿದರು. ರಾಜವೇಷದ ಹಿಂದೆ ತಂತಿಯವರು ಒಬ್ಬರು, ಹೊಲಿಗೆಯವರು ಒಬ್ಬರು ನಡೆಯಬೇಕು, ಏನಾದರೂ ಕಳಚಿ ಬಿದ್ದರೆ ಎತ್ತಿಕೊಳ್ಳಲು. ಆದ್ದರಿಂದ ನನಗಿಷ್ಟವಿಲ್ಲದಿದ್ದರೂ ನಾನು ಟಿಲ್ಡಾಳ ಪಕ್ಕದಲ್ಲೇ ನಿಂತಿದ್ದೆ. ಅವಳು ತಮ್ಮನ ಸೊಂಟದ ಪಟ್ಟಿ ಬಿಗಿಯುತ್ತಿದ್ದಳು.

"ಬೇಡ ಕಣೋ. ಆ ಸೂರ್ಯನ ಗತಿ ನೋಡಿದೆಯಲ್ಲ. ಈಗಲೂ ಕಾಲ ಮಿಂಚಿಲ್ಲ, ಬೇಡ ಅಂದುಬಿಡು."

"ಮುಟ್ಟಬೇಡ ನನ್ನ, ಅಷ್ಟೇ," ಎಂದ ಅವನು ಹಲ್ಲು ಕಚ್ಚಿಕೊಂಡು. "ಏನೇ ಆಗ್ಲಿ ವೇದಿಕೆ ಮೇಲೆ ಮುಟ್ಟಬಾರದು. ಮಾತು ಕೊಡು."

"ನೀನಾಗಿ ಕರೆಯೋವರೆಗೂ ಮುಟ್ಟಲ್ಲ. ಕರೆದ್ರೆ?"

"ಕರೆಯಲ್ಲ."

ಅಕ್ಕ ತಮ್ಮ ಏನೋ ಜಗಳ ಆಡುತ್ತಿದ್ದಾರೆ ಎಂದುಕೊಂಡೆ. ಡ್ರಮ್ಮು ಮೊಳಗಿತು. ಎಲ್ರಿಕ್ ಇಳಿಜಾರು ಹತ್ತಿದ.

ಮೊದಲ ಇಪ್ಪತ್ತು ಹೆಜ್ಜೆ ಅವನು ಎಂದಿನ ರಾಜನೇ. ಮೊಣಕಾಲು ಬಾಗಿಸಿ, ಬಲಕ್ಕೆ ತಿರುಗಿ, ಹದಿನಾಲ್ಕು ಅಡಿ ಮರವನ್ನು ಅಷ್ಟಗಲ ಬೀಸಿದಾಗ ಪ್ರೇಕ್ಷಕರ ಸ್ಟಾಂಡಿನ ಜನ ಎದ್ದು ನಿಂತರು. ಬೊನಿಫೇಸ್ ಮೇಷ್ಟ್ರು ಕೆಳಗಿನಿಂದ ಟೋಪಿ ಬೀಸುತ್ತಿದ್ದರು. ಆಮೇಲೆ ಗಾಳಿ ಬಂತು. ಎಡಗಡೆಯ ಕೊಂಬೆಗಳು ಮುಡಿಪುಗಳ ಸಮೇತ ಕೆಳಕ್ಕೆ ಜಗ್ಗಿದವು. ಎಲ್ರಿಕ್ ಎರಡು ಹೆಜ್ಜೆ ಎಡಕ್ಕೆ ಸರಿದ. ಬಲಗೈಯನ್ನು ಮೈ ಮುಂದಿನಿಂದ ಚಾಚಿ ಚೌಕಟ್ಟಿನ ಎಡಗಡೆಯ ಕಂಬಿಯನ್ನು ಹಿಡಿಯಲು ನೋಡಿದ. ಎಡಗೈ ಸುಮ್ಮನೆ ನೇತಾಡುತ್ತಿತ್ತು.

ನನಗೆ ಆಗ ಕಾಣಿಸಿತು. ಹಿಂದಿನಿಂದ ನೋಡುವವಳಿಗೆ ಕಾಣದಿರಲು ಸಾಧ್ಯವೇ ಇರಲಿಲ್ಲ. ಎತ್ತಿ ಹಿಡಿಯಬೇಕಾದ ಕೈ ಏಳುತ್ತಲೇ ಇಲ್ಲ.

"ಟಿಲ್ಡಾ, ಅವನ ಕೈ!"

"ಗೊತ್ತು."

"ಯಾವಾಗಿಂದ?"

"ಆಗಸ್ಟ್. ಸುಮ್ಮನಿರು."

ಬೆಳಿಗ್ಗೆಯದೆಲ್ಲ ಒಂದೇ ಏಟಿಗೆ ನನ್ನ ತಲೆಗೆ ಹೊಳೆಯಿತು. ಎಲ್ರಿಕ್ ಮತ್ತೂ ಎಡಕ್ಕೆ ಸರಿದ. ಆ ಕಡೆ ವೇದಿಕೆಯ ಅಂಚು ಹತ್ತು ಹೆಜ್ಜೆ ದೂರ; ಅಂಚಿನ ಕೆಳಗೆ ಆಳೆತ್ತರದ ಇಳಿತ, ಕಬ್ಬಿಣದ ಬೇಲಿ. ಅವನ ಕಾಲು ಕುಣಿತದ ಲೆಕ್ಕ ತಪ್ಪಿತ್ತು. ಜನ ಅದನ್ನೂ ಕುಣಿತವೆಂದು ತಿಳಿದು ಕೂಗುತ್ತಿದ್ದರು. ಟಿಲ್ಡಾ ಅವನ ಬೆನ್ನ ಹಿಂದೆ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಎರಡೂ ಕೈಗಳನ್ನು ಎಡಗಡೆಯ ಕಂಬಿಗೆ ಒಂದು ಗೇಣು ದೂರದಲ್ಲಿ ಚಾಚಿಕೊಂಡು ನಡೆಯುತ್ತಿದ್ದಳು. ಮುಟ್ಟಲಿಲ್ಲ.

"ಹಿಡಿಯೇ!" ಎಂದು ಕಿರುಚಿದೆ. "ಬೀಳ್ತಾನೆ ಕಣೇ, ಹಿಡಿ!"

"ಕರೆದಿಲ್ಲ," ಎಂದಳು. ಅವಳ ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. "ಎಲ್ರಿಕ್, ಕರಿಯೋ. ಕರಿಯೋ ನನ್ನಪ್ಪ."

ಎಂಟು ಹೆಜ್ಜೆ. ಆರು ಹೆಜ್ಜೆ. ನಾನು ಸಾಕ್ಷಾತ್ ದೇವಮಾತೆಯನ್ನೇ ಬೈಯುತ್ತ ಪ್ರಾರ್ಥಿಸುತ್ತಿದ್ದೆ. ನಾನಾದರೂ ಹಿಡಿಯಬಹುದಿತ್ತು, ಯಾವ ಆಣೆಯೂ ನನ್ನ ಮೇಲಿರಲಿಲ್ಲ. ಹಿಡಿಯಲಿಲ್ಲ. ಆ ಅಕ್ಕ ತಮ್ಮನ ನಡುವೆ ಕೈ ಹಾಕುವ ಧೈರ್ಯ ನನಗೆ ಬರಲಿಲ್ಲ, ನಿಜ ಹೇಳುತ್ತೇನೆ. ಮತ್ತೊಂದು ಬಾರಿ ಗಾಳಿ ಬೀಸಿತು. ಮರ ಎಡಕ್ಕೆ ಮಗುಚಿತು, ಎಲ್ರಿಕ್‌ನ ಬಲಗಾಲು ನೆಲ ಬಿಟ್ಟಿತು.

"ಅಕ್ಕಾ!"

ಆ ಕೂಗು ಡ್ರಮ್ಮುಗಳನ್ನು ಮೀರಿ ಸ್ಟಾಂಡಿನ ಮೇಲಿನ ಸಾಲಿಗೆ ಕೇಳಿಸಿತಂತೆ. ಅವನು ಬಾಯಿ ಮುಚ್ಚುವ ಮುಂಚೆಯೇ ಅವಳ ಎರಡೂ ಕೈ ಕಂಬಿಯ ಮೇಲಿದ್ದವು. ದಿನಾ ನಲವತ್ತು ಜನರ ಅನ್ನದ ಕೊಳಗ ಇಳಿಸುವ ಕೈಗಳು. ಮರ ನಿಂತಿತು. ಸ್ಟಾಂಡಿನಲ್ಲಿ ಒಂದು ಉದ್ಗಾರ ಎದ್ದಿತು. ಧ್ವನಿವರ್ಧಕದಲ್ಲಿ ಯಾರೋ, ರಾಜನಿಗೆ ಹೊರಗಿನ ಕೈ, ಎಂದು ಹೇಳಿದರು. ಕೆಳಗೆ ಬೊನಿಫೇಸ್ ಮೇಷ್ಟ್ರ ಟೋಪಿ ಬೀಸುವುದು ನಿಂತಿತು.

"ಬಿಡಬೇಡ ಅಕ್ಕ," ಎಂದ ಎಲ್ರಿಕ್.

"ನಡಿ. ಬಲಗಾಲು ಮೊದಲು."

ಆಗ ನಾನೂ ಹೋಗಿ ಒಂದು ಕೊಂಬೆಗೆ ಭುಜ ಕೊಟ್ಟೆ. ಉಳಿದ ವೇದಿಕೆಯನ್ನು ಮೂವರೂ ಕುಣಿಯದೆ, ಸಾಮಾನು ಹೊತ್ತ ಆಳುಗಳ ಹಾಗೆ ನಡೆದು ದಾಟಿದೆವು.

ಆ ಬದಿಯ ಇಳಿಜಾರಿನ ಕೆಳಗೆ ಮೇಷ್ಟ್ರು ಓಡಿಬಂದರು, ಅವರ ಹಿಂದೆ ಹಕ್ಕಿ ಚಿಟ್ಟೆಗಳೆಲ್ಲ. ಮೇಷ್ಟ್ರ ಮುಖ ಕಪ್ಪಿಟ್ಟಿತ್ತು. "ಯಾರು? ಯಾರು ಮುಟ್ಟು ಅಂದದ್ದು ನಿನಗೆ? ಬೆಳಿಗ್ಗೆಯಿಂದ ನೋಡ್ತಾ ಇದೀನಿ, ಇವತ್ತು ಮೇಳ ಹಾಳು ಮಾಡಬೇಕು ಅಂತಾನೇ ಬಂದಿದೀಯ!"

ಟಿಲ್ಡಾ ಕಂಬಿ ಹಿಡಿದೇ ನಿಂತಿದ್ದಳು.

"ನಾನು ಸಾರ್," ಎಂದ ಎಲ್ರಿಕ್. ಮರ ಇನ್ನೂ ಅವನ ಬೆನ್ನ ಮೇಲೇ ಇತ್ತು. "ನಾನು ಕರೆದೆ. ಎಡಗೈ ಆಗಸ್ಟಿಂದ ಏಳಲ್ಲ. ಬಡ್ತಿಯೂ ಇಲ್ಲ, ಏನೂ ಇಲ್ಲ. ಇವಳಿಗೆ ಅಮ್ಮನ ಆಣೆ ಹಾಕಿ ಬಾಯಿ ಕಟ್ಟಿದ್ದೆ." ಮೇಳದವರ ಕಡೆ ನೋಡಿದ. "ಬೆಳಿಗ್ಗೆ ನೀವೆಲ್ಲ ಬೈತಿದ್ದಾಗ ನಾನು ಗೇಟಲ್ಲೇ ಇದ್ದೆ. ಆಗಲೇ ಹೇಳಬೇಕಿತ್ತು. ಹೇಳ್ಲಿಲ್ಲ."

ಮೇಷ್ಟ್ರು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. ಆಗ ಟಿಲ್ಡಾ ಕಂಬಿಯನ್ನು ಬಿಟ್ಟು ಮುಂದೆ ಬಂದು ತಮ್ಮನ ಕೆನ್ನೆಗೆ ಛಟೀರೆಂದು ಒಂದು ಬಾರಿಸಿದಳು.

"ನಾಲ್ಕು ತಿಂಗಳು ಕಣೋ! ನಾಲ್ಕು ತಿಂಗಳು ನಾಲಿಗೆ ಕಚ್ಕೊಂಡು ಬದುಕಿದೀನಿ! ಊಟ ಸೇರಿಲ್ಲ, ನಿದ್ದೆ ಇಲ್ಲ, ಕಣ್ಣು ಮುಚ್ಚಿದ್ರೆ ನೀನು ಬೀಳೋದೇ! ರಾಜ ಅಂತೆ ರಾಜ! ಎಂಥಾ ರಾಜನೋ ನೀನು, ಅಕ್ಕನ್ನ ಊರೆಲ್ಲ ಉಗೀತಿದ್ರೆ ನೆಲ ನೋಡ್ಕೊಂಡು ನಿಲ್ಲೋನು! ಕೈ ಹೋದ್ರೆ ಹೋಗ್ಲಿ, ಬಾಯಿ ಇರಲಿಲ್ವಾ ನಿನಗೆ?"

"ಟಿಲ್ಡಾ," ಎಂದೆ ನಾನು, ಕೊಂಬೆಯ ಕೆಳಗಿನಿಂದ. "ಬೆಳಿಗ್ಗೆ ನಾನು ಅಂದದ್ದು..."

ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಬೆರಳು ಮಾತ್ರ ತೋರಿಸಿದಳು. "ನಿನಗೂ ಇದೆ ಆಗ್ನೆಸ್. ತಾಳು. ಇವನದು ಮೊದಲು ಮುಗೀಲಿ."

ಬೇರೆ ಯಾರಾದರೂ ಹಾಗೆ ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆನೆ? ಅವಳು ತಮ್ಮನನ್ನು ಹುಟ್ಟಿದಂದಿನಿಂದ ಹಿಡಿದು ಬೈಯತೊಡಗಿದಳು. ಮುಂದಿನ ಮೇಳ ನಮ್ಮನ್ನು ದಾಟಿ ವೇದಿಕೆ ಹತ್ತಿತು. ಎಪ್ಪತ್ತು ಜನ ಕದಲದೆ ಕೇಳಿಸಿಕೊಂಡರು, ಮೇಷ್ಟ್ರೂ ಸೇರಿ. ನಾನು ಎಡಗಡೆಯ ಕೊಂಬೆಗಳನ್ನು ಭುಜದ ಮೇಲೆ ಹೊತ್ತುಕೊಂಡು ನನ್ನ ಸರದಿಗೆ ಕಾಯುತ್ತ ನಿಂತೆ.